ತಣ್ಣನೆ ಸಾರಿನ ಉಪ್ಪು

ದೇಗು ಊರಿನ ಸಂತೆಬೀದಿಯಲ್ಲಿ ಮಾಕ್ರೆ ಅಜ್ಜಿಯ ತಣ್ಣನೆ ಶಾವಿಗೆಯ ಅಂಗಡಿ. ಐಸಾದ ಸಾರಿನ ಚೂರುಗಳು ತೇಲುವ ಆ ಬಟ್ಟಲಿಗಾಗಿ ಬೇಸಿಗೆಯಲ್ಲಿ ಜನ ಬಾಗಿಲಾಚೆಗೂ ನಿಲ್ಲುತ್ತಿದ್ದರು. ಬೆಳಿಗ್ಗೆ ಸಾರಿನ ರುಚಿ ನೋಡಿ ಉಪ್ಪು ಹದ ಮಾಡುವುದು ದಾನ್ಬಿಯ ಕೆಲಸ. ಓದು ಅರ್ಧಕ್ಕೇ ಬಿಟ್ಟು ಪಾತ್ರೆ ತೊಳೆಯಲು ಬಂದವಳ ಕೈಗೆ ಅಜ್ಜಿ ಸೌಟು ಕೊಟ್ಟಿದ್ದು ಈ ವರ್ಷವಷ್ಟೇ.

ಮುಂದಿನ ಹಲ್ಲುಗಳ ಸಂದಿಯಲ್ಲಿ ಅದೃಷ್ಟ ಸೋರಿಹೋಗುತ್ತದೆ ಎಂದು ಪೀಡಿಸಿ ಪೀಡಿಸಿ ಈಚೆಗೆ ದಾನ್ಬಿಯನ್ನು ಅವಳ ಅಕ್ಕ ಹಲ್ಲಿನ ಡಾಕ್ಟರ ಬಳಿಗೆ ಎಳೆದೊಯ್ದಿದ್ದಳು. ಡಾಕ್ಟರು ಹಲ್ಲಿನದೇ ಬಣ್ಣದ ಲೇಪ ಹಚ್ಚಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ ಸಂದಿ ಮುಚ್ಚಿದರು. ಕೆಲವು ದಿನ ಜುಮ್ಮೆನ್ನಬಹುದು, ಆಮೇಲೆ ಸರಿಹೋಗುತ್ತದೆ ಎಂದರು. ಬರೀ ಜುಮ್ಮೆನ್ನುವುದಾಗಿದ್ದರೆ ತಡೆದುಕೊಳ್ಳಬಹುದಿತ್ತು. ತಣ್ಣನೆಯದು ಸೋಕಿದರೆ ಸಾಕು, ಸೂಜಿ ಚುಚ್ಚಿದಂತೆ ಮೂಗಿನ ಬುಡದವರೆಗೂ ನೋವು. ಹೇಳಿದರೆ ಸೌಟು ಕೈತಪ್ಪಿ ಮತ್ತೆ ಪಾತ್ರೆಗಳ ಮುಂದೆ ಕೂರಬೇಕಾದೀತೆಂದು ದಾನ್ಬಿ ಬಾಯಿಬಿಡಲಿಲ್ಲ. ಸಾರನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ ಒಲೆಯ ಪಕ್ಕ ಇಟ್ಟು, ತಣುಪು ಬಿಟ್ಟ ಮೇಲೆ ರುಚಿ ನೋಡತೊಡಗಿದಳು.

ಬೆಚ್ಚಗಾದ ಸಾರು ನಾಲಿಗೆಗೆ ಉಪ್ಪುಪ್ಪಾಗಿಯೇ ಇರುತ್ತಿತ್ತು. ಅವಳು ಉಪ್ಪನ್ನು ಕೈ ಬಿಗಿಹಿಡಿದು ಹಾಕುತ್ತಿದ್ದಳು. ಅದೇ ಸಾರು ಐಸಿನ ಚೂರುಗಳೊಂದಿಗೆ ಮೇಜಿಗೆ ಹೋದಾಗ ತಣುಪಿಗೆ ಉಪ್ಪು ಮಂಕಾಗಿ ಸಪ್ಪೆ. ಯಾರೂ ದೂರಲಿಲ್ಲ. ಆದರೆ ಗಿರಾಕಿಗಳು ರುಚಿಗೆ ಬೆರೆಸಿಕೊಳ್ಳಲೆಂದು ಮೇಜಿನ ಮೇಲಿಟ್ಟ ವಿನೆಗರು, ಸಾಸಿವೆ ಗೊಜ್ಜು ಮಧ್ಯಾಹ್ನಕ್ಕೇ ಖಾಲಿಯಾಗುವುದನ್ನು ಅವಳು ಗಮನಿಸಿದಳು. ಅಜ್ಜಿ ತನ್ನನ್ನು ಗಮನಿಸುತ್ತಿದ್ದಾಳೆಂದು ಗೊತ್ತಾದದ್ದು ಒಂದು ದಿನ ಗಿರಾಕಿಗಳ ಗದ್ದಲ ಇಳಿದ ಮೇಲೆ.

ಅಜ್ಜಿ ಮಂಡಿ ನೀವಿಕೊಳ್ಳುತ್ತ ಕೇಳಿದಳು: "ಒಲೆ ಪಕ್ಕ ಬಟ್ಟಲಿಟ್ಕೊಂಡು ಅದೇನೇ ಕಾಯಿಸ್ತೀಯ ದಿನಾ? ಬೆಕ್ಕಿಗೆ ಹಾಲಾ?"

ದಾನ್ಬಿ ನೆಲ ನೋಡಿದಳು. "ಹಲ್ಲು, ಅಜ್ಜಿ. ತಣ್ಣಗಿರೋದು ಆಗ್ತಾ ಇಲ್ಲ. ನಾಳೆಯಿಂದ ನೀವೇ ರುಚಿ ನೋಡಿ. ನಾನು ಪಾತ್ರೆ ತೊಳ್ಕೊಂಡಿರ್ತೀನಿ."

ಮಂಡಿ ನೀವುತ್ತಿದ್ದ ಅಜ್ಜಿಯ ಕೈ ನಿಂತಿತು.

"ನಂಗೆ ರುಚಿ ಗೊತ್ತಾಗೋ ಹಾಗಿದ್ದಿದ್ರೆ ಸೌಟು ನಿಂಗ್ಯಾಕೆ ಕೊಡ್ತಿದ್ದೆ? ಹೋದ ಚಳಿಗಾಲದಿಂದ ನನ್ನ ನಾಲಿಗೆಗೆ ಉಪ್ಪೇ ಹತ್ತಲ್ಲ ಕಣೇ. ಯಾರಿಗೂ ಹೇಳಿಲ್ಲ."

ಸಂಜೆಯ ಗಿರಾಕಿಗಳು ಬರುವ ಹೊತ್ತಾಗಿತ್ತು. ದಾನ್ಬಿ ಎದ್ದು ಸಾರಿನ ಹಂಡೆಗೆ ಸೌಟು ಅದ್ದಿ, ಐಸಿನ ಚೂರಿದ್ದಂತೆಯೇ ಬಾಯಿಗೆ ಸುರಿದುಕೊಂಡಳು. ಹಲ್ಲು ಬುಡಸಮೇತ ಕಿತ್ತುಬಂದಂತಾಗಿ ಕಣ್ಣಲ್ಲಿ ನೀರು ತುಂಬಿತು. ಉಗಿಯಲಿಲ್ಲ. ನೋವು ಇಳಿಯುತ್ತ ಬಂದಂತೆ ಅದರ ಹಿಂದೆಯೇ ರುಚಿ ಬಂತು.

"ಸಾಲದು," ಎಂದಳು.

ಅಜ್ಜಿ ಉಪ್ಪಿನ ಭರಣಿಯನ್ನು ಅವಳತ್ತ ಸರಿಸಿದಳು. ಉಪ್ಪು ಹಾಕಿ ಕದಡಿದ ಮೇಲೆ ಮತ್ತೆ ರುಚಿ ನೋಡಲೇಬೇಕಿತ್ತು. ದಾನ್ಬಿ ಒಮ್ಮೆ ಉಸಿರೆಳೆದುಕೊಂಡು ಸೌಟು ಅದ್ದಿದಳು.