ಗವ್ರಿಲನ ಮಫ್ಲರ್

ಜಿಯು ಕಣಿವೆಯ ನಮ್ಮ ಕಲ್ಲಿದ್ದಲು ಗಣಿಯಲ್ಲಿ ಸ್ನಾನದ ಮನೆಯ ಕಾವಲು ನನ್ನದು. ಕೆಳಗಿಳಿಯುವವರು ಮನೆಯಿಂದ ಉಟ್ಟು ಬಂದ ಬಟ್ಟೆಯನ್ನು ಸರಪಳಿಗೆ ಸಿಕ್ಕಿಸಿ ಸೂರಿನವರೆಗೆ ಮೇಲೆಳೆದಿಟ್ಟು ಹೋಗುತ್ತಾರೆ. ಒಳಗೆ ಗ್ಯಾಸ್ ಸಿಡಿದ ಮರುದಿನವೂ ಸತ್ತ ಗವ್ರಿಲನ ಬಟ್ಟೆ ಮೇಲೆ ತೂಗುತ್ತಿತ್ತು. ಹೆಂಡತಿ ವೆತೂರಿಯಾ ಅದನ್ನು ಇಳಿಸಿಕೊಳ್ಳುತ್ತಿರುವಾಗ ತನಿಖೆಯ ಅಧಿಕಾರಿ ಅರ್ಧ ಸುಟ್ಟ ಉಣ್ಣೆಯ ಮಫ್ಲರ್ ಹಿಡಿದು ಬಂದ.

“ಗ್ಯಾಸ್ ಅಳೆಯೋ ಯಂತ್ರಕ್ಕೆ ಇದನ್ನ ಸುತ್ತಿದ್ರು. ಯಾರದ್ರೀ ಇದು?”

ಗ್ಯಾಸ್ ಹೆಚ್ಚಾದರೆ ಆ ಯಂತ್ರ ಕರೆಂಟು ಕಡಿದು ಕೆಲಸ ನಿಲ್ಲಿಸುತ್ತದೆ. ಕೆಲಸ ನಿಂತರೆ ಮೇಲಿನವರು ಮುಖಕ್ಕೆ ಉಗಿಯುತ್ತಾರೆ. ಹಾಗಾಗಿ ಎಲ್ಲ ತಂಡದವರೂ ಗ್ಯಾಸ್ ತಾಗದಂತೆ ಅದಕ್ಕೆ ಬಟ್ಟೆ ಸುತ್ತುವವರೇ. ಈ ಮಹಾನುಭಾವನಿಗೇನು ಅದು ಗೊತ್ತಿರಲಿಲ್ಲವೇ?

“ಸುಮ್ನಿರು ತಾಯಿ, ತಪ್ಪೆಲ್ಲ ಸತ್ತೋನ ತಲೆಗೆ ಕಟ್ತಾರೆ,” ಎಂದು ವೆತೂರಿಯಾಳ ಕಿವಿಯಲ್ಲಿ ಹೇಳಿದೆ.

ಅವಳು ಮಫ್ಲರನ್ನು ಅಧಿಕಾರಿಯ ಕೈಯಿಂದ ಕಿತ್ತುಕೊಂಡು ಅಂಚು ಸವರಿದಳು.

“ನಾನೇ ಹೆಣೆದಿದ್ದು ಸ್ವಾಮಿ. ಕೆಳಗೆ ಚಳಿ ಇರತ್ತೆ ಅಂದ್ಕೊಂಡಿದ್ದೆ. ‘ಸಾಲದು, ಗಾಳೀನೂ ತೂರಬಾರ್ದು’ ಅಂದ್ರು ನಮ್ಮನೆಯವ್ರು. ಬಿಚ್ಚಿ, ಇನ್ನೂ ದಪ್ಪಕ್ಕೆ ಹೆಣೆದುಕೊಟ್ಟೆ.”