ಏರದ ಗಾಜು

ಕಾರಿನ ಬಾಗಿಲ ವೈರಿಗೆ ಚುಚ್ಚಿದ ಟೆಸ್ಟ್ ಲ್ಯಾಂಪ್ ಹೊತ್ತಿಕೊಂಡಿತು. ಅಪ್ಪ ಅದನ್ನು ಎತ್ತಿ ಹಿಡಿದು ಗ್ಯಾರೇಜಿಗೆಲ್ಲ ಕೇಳುವಂತೆ ಹೇಳಿದ, "ಕರೆಂಟ್ ಬರ್ತಾ ಇದೆ. ಗಾಜಿನ ಮೋಟರೇ ಕೈಕೊಟ್ಟಿದೆ."

ಟಾರ್ಚ್ ಹಿಡಿದು ನಿಂತಿದ್ದ ಮಗಳು ಅವನ ಮುಖ ನೋಡಿದಳು. ಅಪ್ಪ ಯಾವಾಗಿನಿಂದ ಟೆಸ್ಟ್ ಲ್ಯಾಂಪನ್ನು ನಂಬತೊಡಗಿದ?

ಶಾಲೆ ಬಿಟ್ಟಾಗಿನಿಂದ ಅವಳು ಅಪ್ಪನ ಜೊತೆ ಇದೇ ಮೂಲೆಯಲ್ಲಿದ್ದಳು. ಗ್ಯಾರೇಜಿನ ವೈರಿಂಗ್ ಕೆಲಸವೆಲ್ಲ ಅಪ್ಪನದು. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಕರೆಂಟಪ್ಪ. ಬೇರೆಯವರು ಲ್ಯಾಂಪ್ ಚುಚ್ಚಿ ತೀರ್ಪು ಕೊಟ್ಟರೆ ಅವನು ನಗುತ್ತಿದ್ದ. "ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ರೂ ಆ ಪುಟಾಣಿ ಬಲ್ಬ್ ಉರಿಯುತ್ತೆ ಮಗಳೇ. ಮೋಟರಿಗೆ ಅಷ್ಟು ಸಾಕಾ? ಅದರ ಹೊಟ್ಟೆ ದೊಡ್ಡದು." ಹಾಗೆಂದು, ಕಣ್ಣು ಮುಚ್ಚಿ, ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತುಸು ತುಸುವೇ ಎಳೆಯುತ್ತ ಹೋಗುತ್ತಿದ್ದ. ಒಳಗೆ ತಾಮ್ರ ತುಂಡಾಗಿರುವ ಕಡೆ ಮೇಲಿನ ಪ್ಲಾಸ್ಟಿಕ್ ಮಾತ್ರ ಮೆತ್ತಗೆ ಹಿಗ್ಗುತ್ತದೆ. ಅವನ ಬೆರಳು ಅಲ್ಲಿ ನಿಂತುಬಿಡುತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಡೆಂಟ್ ತೆಗೆಯುವ ಟಿಂಕರಣ್ಣ ಕೂಡ ಸುತ್ತಿಗೆ ಕೆಳಗಿಟ್ಟು ಕಾಯುತ್ತಿದ್ದ.

ಈ ಕಾರಿಗೆ ಡ್ರೈವರ್ ಕಡೆಯ ಗಾಜು ಅರ್ಧಕ್ಕೆ ಇಳಿದು ಅಲ್ಲೇ ಕೂತಿತ್ತು. ಅಪ್ಪನ ಮಾತು ನಂಬಿ ಹೊಸ ಮೋಟರ್ ತರಿಸಿದರು. ಕೂರಿಸಿ ಸ್ವಿಚ್ ಒತ್ತಿದರೆ ಗಾಜು ಮಿಸುಕಲಿಲ್ಲ. ಬಾಗಿಲೊಳಗೆ ಏನೋ ಒಮ್ಮೆ ಟಿಕ್ ಎಂದಿತು, ಅಷ್ಟೇ.

"ಹೊಸ ಸೊಸೆ ಬಂದ ಮೊದಲ ದಿನವೇ ಮುನಿಸು," ಎಂದ ಟಿಂಕರಣ್ಣ. ಅಪ್ಪ ನಗಲಿಲ್ಲ. "ಏನಮ್ಮ, ನಿನ್ನ ಬಾಯಿಗೂ ಫ್ಯೂಸ್ ಹೋಗಿದೆಯಾ?" ಎಂದು ಟಿಂಕರಣ್ಣ ಮಗಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದಳು.

ಗ್ಯಾರೇಜಿನ ಯಜಮಾನ ಬಂದು ಬಾನೆಟ್ಟಿಗೆ ಒರಗಿ ನಿಂತ. ಈಚೆಗೆ ಅಪ್ಪ ಮಾಡಿ ಕಳಿಸಿದ ಗಾಡಿಗಳು ಹೋದಷ್ಟೇ ಬೇಗ ವಾಪಸ್ ಬರುತ್ತಿದ್ದವು. ಯಜಮಾನನಿಗೂ ಗಿರಾಕಿಗಳ ಬಾಯಿ ಮುಚ್ಚಿಸಿ ಸಾಕಾಗಿತ್ತು.

"ನೋಡು ಕರೆಂಟಪ್ಪ, ಇದೊಂದು ಗಾಡಿ. ಇದೂ ನಿನ್ನ ಕೈಯಲ್ಲಿ ಆಗ್ಲಿಲ್ಲ ಅಂದ್ರೆ ಈ ಮೂಲೆಗೆ ಬೇರೆಯವನನ್ನ ತರ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

"ಆಗುತ್ತೆ ಯಜಮಾನ್ರೇ. ಆಗದೆ ಎಲ್ಲಿ ಹೋಗುತ್ತೆ?"

ಯಜಮಾನ ಆಚೆ ಹೋದ ಮೇಲೆ ಅಪ್ಪ ಸ್ವಿಚ್ ಬಿಚ್ಚಿ ನೋಡಿದ. ಸರಿಯಾಗಿತ್ತು. ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೈಹಾಕಿದ. ಬಾಗಿಲಿಗೂ ಕಾರಿನ ಮೈಗೂ ನಡುವೆ, ಬಾಗಿಲು ತಿರುಗುವ ಕೀಲಿನ ಬಳಿ, ವೈರುಗಳು ಹಾದುಹೋಗುವ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿದ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ವೈರುಗಳು ಸೋಲುವುದು ಅಲ್ಲೇ. ಅವನು ಕಣ್ಣು ಮುಚ್ಚಿದ. ಒಂದೊಂದೇ ವೈರು ಬೆರಳಿನ ನಡುವೆ ಸರಿಯಿತು.

ಹಸಿರು ವೈರಿನ ಸರದಿ ಬಂದಾಗ ಮಗಳು ನೋಡಿದಳು. ಅಪ್ಪ ಎಳೆದ ಕಡೆ ಹಸಿರು ಬೆಳ್ಳಗಾಗಿ, ಸಣ್ಣಗಾಗಿ, ಹಿಗ್ಗಿತು. ಬೆರಳು ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು.

"ವೈರೆಲ್ಲ ಸರಿಯಾಗಿವೆ," ಎಂದ ಅಪ್ಪ.

ಅವಳು ಟಾರ್ಚನ್ನು ಅಪ್ಪನ ಬೆರಳುಗಳ ಕಡೆ ತಿರುಗಿಸಿದಳು. ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾದ ಜೋಮು ಹಿಡಿಯುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಿದ್ದ. ಕೈಯ ಸುದ್ದಿಯನ್ನು ಯಾರ ಹತ್ತಿರವೂ ಎತ್ತಿರಲಿಲ್ಲ. ಬೆರಳ ತುದಿಯಲ್ಲಿ ಬೆಸುಗೆಯ ಬೊಬ್ಬೆಗಳು ಒಂದರ ಮೇಲೊಂದು ಎದ್ದಾಗ ಅವಳು ಕೇಳಿದ್ದಳು. "ವಯಸ್ಸಾಯ್ತಲ್ಲ, ಕಣ್ಣು ತಪ್ಪುತ್ತೆ," ಎಂದು ಕಣ್ಣಿನ ಮೇಲೆ ಹಾಕಿದ್ದ.

"ಅಪ್ಪಾ, ಹಸಿರನ್ನ ಇನ್ನೊಂದ್ಸಲ ನೋಡು."

"ನೋಡಿದ್ದಾಯ್ತಲ್ಲ."

"ಇನ್ನೊಂದೇ ಸಲ."

ಅವನು ನೋಡಿದ. ಈ ಸಲ ಕಣ್ಣು ತೆರೆದುಕೊಂಡೇ ಎಳೆದ. ಬಿಳಿಚಿ ಹಿಗ್ಗುತ್ತಿದ್ದ ಪ್ಲಾಸ್ಟಿಕ್ಕನ್ನು ನೋಡಿದ, ತನ್ನ ಬೆರಳನ್ನು ನೋಡಿದ, ಮಗಳ ಮುಖ ನೋಡಿದ. 

"ಯಾರಿಗೂ ಹೇಳ್ಬೇಡ ತಾಯಿ," ಎಂದ ಕೊನೆಗೆ. ದೊಡ್ಡವರ ಕಣ್ಣು ತಪ್ಪಿಸಿ ಏನೋ ಮುರಿದ ಮಗುವಿನ ದನಿ ಅದು. "ನೀನೇ ಜೋಡಿಸು. ನಾನು ಅಡ್ಡ ನಿಂತ್ಕೋತೀನಿ."

ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಎಂದೂ ಇಲ್ಲದ ಹುರುಪಿನಲ್ಲಿ ಟಿಂಕರಣ್ಣನ ಕಾಲೆಳೆಯತೊಡಗಿದ. "ನೀನು ಬಡಿದ ಗಾಡಿ ಅಂದ್ರೆ ದೂರದಿಂದಲೇ ಗೊತ್ತಾಗುತ್ತೆ ಬಿಡು. ಮೊದಲು ಒಂದು ಕಡೆ ಮಾತ್ರ ತಗ್ಗಿರುತ್ತೆ, ಆಮೇಲೆ ಎಲ್ಲಾ ಕಡೆ!" ಅವನ ಬೆನ್ನ ಹಿಂದೆ ಮಗಳು ಮುರಿದ ಕಡೆ ಕತ್ತರಿಸಿ, ಎರಡೂ ತುದಿ ಕೆರೆದು, ನಡುವೆ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದಳು.  ಟೇಪ್ ಸುತ್ತಿ ರಬ್ಬರ್ ಕೊಳವೆಯನ್ನು ಮೊದಲಿನಂತೆ ಎಳೆದಳು.

ಅಪ್ಪ ತಾನೇ ಹೋಗಿ ಯಜಮಾನನನ್ನು ಕರೆತಂದ. ಮಗಳು ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಸೋಮಾರಿ ಗಾಜಿಗೆ ಕೈ ಕೊಟ್ಟು ಮೇಲೆತ್ತುವುದು ಅಪ್ಪನ ಹಳೇ ರೂಢಿ. ಹೊರಗೆ ನಿಂತು ಅರ್ಧ ಇಳಿದ ಗಾಜಿನ ಅಂಚನ್ನು ಹಿಡಿದುಕೊಂಡ.

"ನೋಡಿ ಯಜಮಾನ್ರೇ. ಒತ್ತು ಮಗಳೇ!"

ಅವಳು ಒತ್ತಿದಳು. ಮೋಟರ್ ಗುಂಯ್ ಎಂದಿತು. ಗಾಜು ಏರಿತು. ಅವಳ ಕಣ್ಣು ಸ್ವಿಚ್ಚಿನ ಮೇಲೆ, ಕಿವಿ ಮೋಟರಿನ ಮೇಲೆ ಇತ್ತು. ಇನ್ನೇನು ಮುಚ್ಚಬೇಕು ಎನ್ನುವಾಗ ಮೋಟರ್ ಮುಲುಗಿತು. ಮೇಲಿನ ರಬ್ಬರ್ ಒಣಗಿರಬೇಕು ಎಂದುಕೊಂಡು ಅವಳು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು.

ಹೊರಗೆ ಅಪ್ಪ ಯಜಮಾನನ ಕಡೆ ತಿರುಗಿ ನಗುತ್ತಾ ಹೇಳುತ್ತಲೇ ಇದ್ದ, "ಒಂದು ಹಸಿರು ವೈರು ನೋಡಿ, ಇಷ್ಟು ಆಟ ಆಡಿಸ್ತು. ನನ್ನ ಕೈಗೆ ಸಿಗದೆ ಹೋಗುತ್ತಾ?"

ಯಜಮಾನನ ಮುಖ ಬಿಳಿಚಿಕೊಂಡಿತು.

"ಕರೆಂಟಪ್ಪಾ, ಕೈ! ಕೈ!"

"ಯಾವ ಕೈ?" ಎಂದ ಅಪ್ಪ.

ಮಗಳು ತಲೆಯೆತ್ತಿದಳು. ಗಾಜಿಗೂ ಚೌಕಟ್ಟಿಗೂ ನಡುವೆ, ಅವಳ ಕಣ್ಣೆದುರಿಗೇ, ಅಪ್ಪನ ಬೆರಳುಗಳು ಸಾಲಾಗಿ ಸಿಕ್ಕಿಕೊಂಡಿದ್ದವು. ಉಗುರುಗಳು ಕಪ್ಪಾಗಿದ್ದವು. ಗಾಜಿನ ಒಳಬದಿಯಲ್ಲಿ ಸಣ್ಣಗೆ ರಕ್ತ ಇಳಿಯುತ್ತಿತ್ತು. ಅವಳು ಚೀರಿ ಸ್ವಿಚ್ಚನ್ನು ಕೆಳಕ್ಕೆ ಒತ್ತಿದಳು.

ಅಪ್ಪ ಬಿಡಿಸಿಕೊಂಡ ಕೈಯನ್ನು ಮುಂದೆ ಹಿಡಿದು, ಯಾರದೋ ವಸ್ತುವನ್ನು ನೋಡುವಂತೆ ನೋಡಿದ. ಅವನ ನಗು ಇನ್ನೂ ಪೂರ್ತಿ ಆರಿರಲಿಲ್ಲ.

ಟಿಂಕರಣ್ಣ ನೀರು ತಂದ. ಯಜಮಾನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಮಗಳಿಗೆ. ಅವನು ತಾನೇ ಒಂದು ಸ್ಟೂಲ್ ಎಳೆದು, ಅಪ್ಪನ ತೋಳು ಹಿಡಿದು ಕೂರಿಸಿದ. ಆಮೇಲೆ ಬಾಗಿಲ ಬಳಿ ಬಗ್ಗಿ, ರಬ್ಬರ್ ಸರಿಸಿ ನೋಡಿದ.

"ಈ ಜಾಯಿಂಟ್ ಯಾರು ಹಾಕಿದ್ದು?"

"ಅಪ್ಪ," ಎಂದಳು ಮಗಳು, ಅವಳ ಮಟ್ಟಿಗೆ ಜೋರಾಗಿಯೇ.

"ಅವಳೇ ಹಾಕಿದ್ದು," ಎಂದ ಅಪ್ಪ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ ಯಜಮಾನ್ರೇ. ತುಂಬಾ ದಿನ ಆಯ್ತು."

ಯಜಮಾನ ರಬ್ಬರನ್ನು ಮತ್ತೆ ಮುಚ್ಚಿದ. "ಡಾಕ್ಟರ ಹತ್ತಿರ ಕರ್ಕೊಂಡು ಹೋಗು," ಎಂದ ಮಗಳಿಗೆ. ಎರಡು ಹೆಜ್ಜೆ ಹೋಗಿ ಮತ್ತೆ ನಿಂತ. "ನಾಳೆ ನೀನು ಬಾಮ್ಮ." ಅಪ್ಪನ ಕಡೆ ನೋಡಲಿಲ್ಲ.

ಅವಳು ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತೊಳೆದ ಬೆರಳುಗಳಿಗೆ ಬಟ್ಟೆ ಸುತ್ತತೊಡಗಿದಳು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

"ಬಿಗಿಯಾಯ್ತಾ ಅಪ್ಪಾ?"

"ನನ್ನ ಕೇಳ್ಬೇಡ ತಾಯಿ," ಎಂದ ಅಪ್ಪ. "ನೀನೇ ನೋಡ್ಕೊಂಡು ಕಟ್ಟು."