ತಲೆ ಸವೆದ ಸ್ಕ್ರೂ, ಅಣ್ಣನ ಕನ್ನಡಕ

ಅತ್ತಿಗೆಯ ಹೊಲಿಗೆ ಯಂತ್ರದಲ್ಲಿ ಸೂಜಿಯ ಕೆಳಗಿನ ತಗಡನ್ನು ಹಿಡಿದಿರುವುದು ಎರಡೇ ಎರಡು ಸ್ಕ್ರೂ. ಒಂದು ಬಿಚ್ಚಿ ಬಂದಿತ್ತು. ಇನ್ನೊಂದರ ತಲೆಯನ್ನು ನಮ್ಮ ರಿಪೇರಿಯವನು, ಅಂದರೆ ಆಕೆಯ ಮೈದುನ, ನಿನ್ನೆಯಿಂದ ಕೆರೆದೂ ಕೆರೆದೂ ನುಣ್ಣಗೆ ಮಾಡಿಟ್ಟಿದ್ದ. ಸ್ಕ್ರೂಡ್ರೈವರ್ ಇಟ್ಟರೆ ನಿಲ್ಲದು, ತಿರುಗಿಸಿದರೆ ಜಾರುವುದು. ತಗಡಿನಡಿ ದಾರ ಗಂಟುಗಂಟಾಗಿ ಸಿಕ್ಕಿಕೊಂಡು, ಅರ್ಧ ಹೊಲಿದ ಕಾಲರ್ ಪಕ್ಕದಲ್ಲಿ ಬಿದ್ದಿತ್ತು.

"ಏನಪ್ಪಾ, ಮಿಕ್ಸಿಗಳೆಲ್ಲಾ ನಿನ್ನ ಹೆಸರು ಕೇಳಿದ್ರೇ ನಡುಗ್ತವೆ ಅಂತಿದ್ದೆ," ಎಂದಳು ಅತ್ತಿಗೆ. "ಒಂದು ಸ್ಕ್ರೂ ನಿನಗೇ ನೀರು ಕುಡಿಸ್ತಾ ಇದೆಯಲ್ಲ!"

"ಕಳಪೆ ಲೋಹ ಅತ್ತಿಗೆ. ಬೆಣ್ಣೆ ಥರ ಕರಗುತ್ತೆ."

"ಮೂವತ್ತು ವರ್ಷದಿಂದ ಕರಗದ ಬೆಣ್ಣೆ, ನೀನು ಮುಟ್ಟಿದ ತಕ್ಷಣ ಕರಗಿತಾ?"

ಲೋಹಕ್ಕೇನೂ ಆಗಿರಲಿಲ್ಲ. ಸ್ಕ್ರೂವಿನ ಸೀಳು ಎಲ್ಲಿದೆ ಎಂಬುದೇ ಇವನಿಗೆ ಕಾಣುತ್ತಿರಲಿಲ್ಲ. ಆರು ತಿಂಗಳಿಂದ ಹತ್ತಿರದ್ದೆಲ್ಲ ಮಂಜು ಮಂಜು. ಅದಕ್ಕೇ ಮಹಾಶಯ ಈಗೀಗ ಸೀಲಿಂಗ್ ಫ್ಯಾನ್ ಬಿಟ್ಟು ಬೇರೆ ಕೆಲಸ ಹಿಡಿಯುತ್ತಿರಲಿಲ್ಲ. ಯಾರಾದರೂ ಟಾರ್ಚೋ ಟ್ರಿಮ್ಮರೋ ತಂದರೆ "ಇದರ ಪಾರ್ಟ್ ಬರಲ್ಲಮ್ಮಾ" ಎಂದು ಸಾಗಹಾಕುತ್ತಿದ್ದ. ಒಂದು ಕನ್ನಡಕ ಹಾಕಿಸಿಕೊಂಡರೆ ಆಗದೇ? ಅಯ್ಯೋ, ಕಷ್ಟ ಇರುವುದೇ ಅಲ್ಲಿ! ಚಿಕ್ಕಂದಿನಿಂದ ಹತ್ತಿರದ್ದು ಕಾಣದೆ ದಪ್ಪ ಗಾಜಿನ ಕನ್ನಡಕ ಹಾಕುವ ಅಣ್ಣನನ್ನು ಇವನು ನಲವತ್ತು ವರ್ಷ 'ಸೋಡಾಬುಡ್ಡಿ' ಎಂದು ಕರೆದು, ಬಂದ ನೆಂಟರ ಎದುರೆಲ್ಲ ಗೋಳು ಹೊಯ್ದುಕೊಂಡಿದ್ದ. ಈಗ ಯಾವ ಮುಖ ಇಟ್ಟುಕೊಂಡು ತಾನೂ ಒಂದನ್ನು ಏರಿಸುವುದು? ಅದೂ ಹೋಗಲಿ, ಕಣ್ಣು ಕಾಣದವನ ಅಂಗಡಿಗೆ ಸಾಮಾನು ತರುವವರು ಯಾರು? ಇಪ್ಪತ್ತೈದು ವರ್ಷದ ಹೆಸರು ಮಣ್ಣುಪಾಲಾದೀತು ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಒಂದು ರಬ್ಬರ್ ಬ್ಯಾಂಡ್ ಕೊಡಿ," ಎಂದ. ಸವೆದ ತಲೆಯ ಮೇಲೆ ರಬ್ಬರ್ ಹಾಸಿ ಒತ್ತಿ ತಿರುಗಿಸಿದರೆ ಕೆಲವೊಮ್ಮೆ ಹಿಡಿತ ಸಿಗುತ್ತದೆ. ರಬ್ಬರ್ ಹಾಸಿದ, ಉಸಿರು ಬಿಗಿಹಿಡಿದ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದ.

ಅತ್ತಿಗೆ ಬಗ್ಗಿ ನೋಡಿದಳು. "ಅಲ್ಲಪ್ಪಾ, ಸ್ಕ್ರೂ ಇರೋದು ಇಲ್ಲಿ. ನೀನು ತಿರುಗಿಸ್ತಾ ಇರೋದು ಎಣ್ಣೆ ಬಿಡೋ ತೂತು."

ಅವನು ಸ್ಕ್ರೂಡ್ರೈವರನ್ನು ಅಲ್ಲೇ ಒತ್ತಿ ಹಿಡಿದ. "ಗೊತ್ತು, ಗೊತ್ತು. ಮೊದಲು ಇದನ್ನ ಸಡಿಲ ಮಾಡ್ಬೇಕು."

"ತೂತನ್ನಾ?"

ಅತ್ತಿಗೆಯ ಮುಖದಲ್ಲಿನ ನಗು ನಿಂತಿತು. ಒಳಕ್ಕೆ ತಿರುಗಿ, "ರೀ, ಸ್ವಲ್ಪ ಇಲ್ಲಿ ಬನ್ನಿ," ಎಂದು ಕೂಗಿದಳು.

"ಅತ್ತಿಗೆ, ನಿಮ್ಮ ದಮ್ಮಯ್ಯ, ಅಣ್ಣ ಬೇಡ!"

ಅಣ್ಣ ಪೇಪರ್ ಹಿಡಿದುಕೊಂಡೇ ಬಂದ. ಕೋಳಿ ಕೆದರಿದ ಹಾಗಾಗಿದ್ದ ತಗಡನ್ನು ನೋಡಿದ. ತಮ್ಮನನ್ನು ನೋಡಿದ.

"ಎಷ್ಟು ದಿನ ಆಯ್ತೋ?"

"ಏನು?"

"ಕಣ್ಣು ಕಾಣದೆ."

"ಆರು ತಿಂಗಳು," ಎಂದುಬಿಟ್ಟ. ನಾಚಿಕೆಯಾಯಿತು, ಹಿಂದೆಯೇ ಜೀವ ಹಗುರವೂ ಆಯಿತು. ನಲವತ್ತು ವರ್ಷದ ಬಾಕಿ ಮಾತೆಲ್ಲ ಈಗ ಒಟ್ಟಿಗೇ ಬೀಳುತ್ತದೆಂದು ತಲೆ ತಗ್ಗಿಸಿ ಕೂತ.

ಅಣ್ಣ ತನ್ನ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ತಮ್ಮನ ಮೂಗಿಗೆ ತಾನೇ ಏರಿಸಿದ. "ಈಗ ನೋಡು."

ಅಬ್ಬಾ! ಸ್ಕ್ರೂ ಬಟ್ಟಲಿನಷ್ಟು ದೊಡ್ಡದಾಗಿ ಕಂಡಿತು. ತಾನು ಗೀರಿದ ಗೀರುಗಳೆಲ್ಲ ಎದ್ದು ಕಂಡವು. ಸೀಳಿನ ಒಂದು ತುದಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಅಗಲ ಬಾಯಿಯ ಸ್ಕ್ರೂಡ್ರೈವರ್ ಆರಿಸಿ, ಆ ತುದಿಗೆ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ಕೊಟ್ಟು, ಒತ್ತಿ ತಿರುಗಿಸಿದ. ಟಕ್ಕೆಂದು ಸಡಿಲವಾಯಿತು.

"ಬಂತು!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು.

ಖುಷಿಯಿಂದ ತಲೆಯೆತ್ತಿದ. ಸ್ಕ್ರೂ ನೋಡಲು ಬಗ್ಗಿದ್ದ ಅಣ್ಣನ ಮುಖ ತೀರಾ ಹತ್ತಿರದಲ್ಲಿತ್ತು. ಹುಬ್ಬು ಕೂಡ ಬೆಳ್ಳಗಾಗಿತ್ತು. ಕಣ್ಣಿನ ಕೆಳಗೆ ಸುಕ್ಕು ಇಳಿಬಿದ್ದಿತ್ತು. ದಿನಾ ಒಟ್ಟಿಗೇ ಉಣ್ಣುವ ಅಣ್ಣ.

"ಅಣ್ಣಾ, ನಿನಗೆ ಯಾವಾಗ ಇಷ್ಟೊಂದು ವಯಸ್ಸಾಯ್ತು?" ಎಂದ.

ಅಣ್ಣ ಬರಿಗಣ್ಣು ಕಿರಿದು ಮಾಡಿ ಅವನನ್ನೇ ನೋಡಿದ. "ನನ್ನದು ಬಿಡು. ನನಗೀಗ ನೀನು ಹತ್ತು ವರ್ಷದ ತರಲೆ ಥರಾನೇ ಕಾಣ್ತಾ ಇದ್ದೀಯ ಕಣೋ. ವಾಪಸ್ ಕೊಡೋಕೆ ಅವಸರ ಏನಿಲ್ಲ, ಇನ್ನೂ ಸ್ವಲ್ಪ ಹೊತ್ತು ಹಾಕ್ಕೊಂಡಿರು."